ಕಲ್ಲಿನ ಮೇಲಣ ಶೋಕಗೀತ

ಸಾವಾದ ಮನೆಗೆ ಹೋದವರಿಗೆ ಆಡಲು ಮಾತುಗಳು ಹೆಚ್ಚಾಗಿರುವುದಿಲ್ಲ. “ಹೋದವರು ಹೋದರು, ಇನ್ನು ಇದ್ದವರನ್ನು ನೋಡಿಕೊಳ್ಳಬೇಕು” ಎಂದು ಹಿರಿಯರೊಬ್ಬರು ಹೇಳುತ್ತಾರೆ. ಉಳಿದವರು ತಲೆ ತಗ್ಗಿಸಿ ಕುಳಿತಿರುತ್ತಾರೆ. ಆ ಒಂದು ಮಾತಿನಲ್ಲಿ ಎರಡು ಋಣಗಳು ಅಡಗಿವೆ. ಹೋದವರ ಋಣ ಒಂದು, ಇದ್ದವರ ಋಣ ಇನ್ನೊಂದು. ಇವೆರಡನ್ನೂ ತೀರಿಸಲು ಹೊರಟ ಮಾತೇ ಶೋಕಗೀತವೆಂದು ನನ್ನ ತಿಳಿವಳಿಕೆ. ಅದನ್ನು ನಮ್ಮ ನಾಡಿನ ಕೆಲವು ನಿದರ್ಶನಗಳ ಮೂಲಕ ಓದುಗರ ಮುಂದಿಡಬಯಸುತ್ತೇನೆ.

ಶೋಕಗೀತ, ಚರಮಗೀತೆ ಎಂಬ ಹೆಸರುಗಳು ನಮ್ಮಲ್ಲಿ ಬಳಕೆಗೆ ಬಂದುದು ಈಚೆಗೆ, ಇಂಗ್ಲಿಷ್ ಕಾವ್ಯದ ಪರಿಚಯವಾದ ಮೇಲೆ. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ‘ದುಃಖಸೇತು’ವನ್ನು ಕನ್ನಡಿಸಿದಾಗ, ನೀರಿಗೆ ಬಿದ್ದು ಸತ್ತ ಒಬ್ಬ ಅನಾಥೆಗಾಗಿಯೂ ಕವಿ ಮರುಗಬಹುದೆಂಬುದು ಹಲವರಿಗೆ ಹೊಸತಾಗಿ ಕಂಡಿತು. ನಮ್ಮ ಆಲಂಕಾರಿಕರು ಶೋಕವನ್ನು ಸ್ಥಾಯೀಭಾವವೆಂದೂ ಕರುಣವನ್ನು ಅದರ ರಸವೆಂದೂ ಹೇಳಿದ್ದರು, ನಿಜ. ಆದರೆ ಅವರ ಉದಾಹರಣೆಗಳು ಬಹುಮಟ್ಟಿಗೆ ಮಹಾಕಾವ್ಯ, ನಾಟಕಗಳ ಒಳಗಿನ ಪ್ರಲಾಪಗಳು. ನಿನ್ನೆ ಮೊನ್ನೆ ನಮ್ಮ ನಡುವೆ ಬದುಕಿದ್ದ ಒಂದು ಜೀವಕ್ಕಾಗಿ ಬರೆದ ಬರಹವನ್ನು ಹಳಗನ್ನಡದಲ್ಲಿ ಹುಡುಕುವವರು ಓಲೆಗರಿಗಳಿಗೆ ಮೊದಲು ಕಲ್ಲುಗಳನ್ನು ನೋಡಬೇಕು. ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಗಲ್ಲುಗಳೇ ನಮ್ಮ ಮೊದಲ ಶೋಕಗೀತಗಳು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ವ್ರತದಿಂದ ದೇಹವನ್ನು ತೊರೆದ ಮುನಿಗಳ ಮತ್ತು ಕಂತಿಯರ ಹೆಸರುಗಳನ್ನು ಸುಮಾರು ಏಳನೆಯ ಶತಮಾನದಿಂದಲೇ ಕೊರೆದಿದ್ದಾರೆ.

ಇಂತಹ ಕಲ್ಲುಗಳಲ್ಲಿ ಒಂದು ನಾಯಿಗಾಗಿ ನಿಂತಿದೆ. ಅದೇ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಅದರ ಕಾಲ ಶಕ 872, ಎಂದರೆ ಕ್ರಿ. ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗರ ಇಮ್ಮಡಿ ಬೂತುಗನು ಅವನ ಪಕ್ಷದಲ್ಲಿದ್ದನು; ಚೋಳ ರಾಜಾದಿತ್ಯನು ಆ ಯುದ್ಧದಲ್ಲಿ ಮಡಿದನು. ಬೂತುಗನ ಆಳಾದ ಮಣಲೇರನು ಅಲ್ಲಿ ಪರಾಕ್ರಮವನ್ನು ತೋರಿದನು. ಒಡೆಯನು ಮೆಚ್ಚಿ ‘ಬೇಕಾದುದನ್ನು ಕೇಳು’ ಎಂದಾಗ ಮಣಲೇರನು ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆಮೇಲೆ ಒಂದು ದಿನ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತುವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದರು. ಅದರ ಮೇಲೆ ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಓದುಗರು ಗಮನಿಸಬೇಕಾದುದು ಶಾಸನದ ಕೊನೆಯ ಭಾಗವನ್ನು. ಅಲ್ಲಿ ಕಲ್ಲಿನ ಪೂಜೆಗಾಗಿ ಭೂಮಿಯನ್ನು ಬಿಟ್ಟಿದ್ದಾರೆ. ಆ ಕಲ್ಲನ್ನು ಪೂಜಿಸದೆ ಗುಡಿಯ ಗೊರವನು ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗಲುವುದೆಂದು ಎಚ್ಚರಿಸಿದ್ದಾರೆ. ನೋಡಿ, ಇಲ್ಲಿ ಅಳುವಿನ ಮಾತು ಒಂದೂ ಇಲ್ಲ. ಆದರೂ ಸಾಮ್ರಾಜ್ಯಗಳ ಯುದ್ಧವನ್ನು ಹೇಳುವ ಕಲ್ಲಿನಲ್ಲಿಯೇ ಒಂದು ನಾಯಿಯ ಹೆಸರೂ ಉಳಿಯಿತು; ಅದನ್ನು ನೆನೆಯುವುದು ಒಬ್ಬನ ದಿನದ ಊಟಕ್ಕೆ ಮೊದಲಿನ ಕರ್ತವ್ಯವಾಯಿತು. ನಮ್ಮ ಹಿರಿಯರು ದುಃಖವನ್ನು ಒಂದು ಕೆಲಸಕ್ಕೆ ಗಂಟು ಹಾಕಿದ ಬಗೆ ಇದು.

ಕಲ್ಲಿನ ಈ ಮಿತಭಾಷೆ ಕಾವ್ಯದಲ್ಲಿ ಬಾಯಿ ಬಿಟ್ಟು ಅಳುವುದನ್ನು ಕಾಣಬೇಕಾದರೆ ರನ್ನನ ‘ಗದಾಯುದ್ಧ’ಕ್ಕೆ ಬರಬೇಕು. ಹದಿನೆಂಟು ಅಕ್ಷೌಹಿಣಿ ಸೇನೆ ನಾಶವಾದ ಮೇಲೆ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದುಶ್ಶಾಸನನನ್ನು ಕಂಡಾಗ, ಎದೆಹಾಲು ಕುಡಿಯುವುದರಿಂದ ಹಿಡಿದು ಎಲ್ಲದರಲ್ಲಿಯೂ ತಾನು ಮೊದಲು, ತಮ್ಮ ಆಮೇಲೆ. ಸಾವಿನಲ್ಲಿ ಮಾತ್ರ ಆ ಕ್ರಮ ತಪ್ಪಿತೆಂದು ಹಲುಬುತ್ತಾನೆ. ಮಗ ಲಕ್ಷಣಕುಮಾರನನ್ನು ಕಂಡಾಗ, ಮಗನು ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ಕೊಡುವಂತಾಯಿತಲ್ಲ ಎನ್ನುತ್ತಾನೆ. ಮಕ್ಕಳನ್ನು ಕಳೆದುಕೊಂಡವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ಅವನು ನಿಂತು, ಆ ಹುಡುಗನ ಶೌರ್ಯವನ್ನು ಹೊಗಳಿ, ತನಗೂ ಅಂಥದೇ ಸಾವು ಬರಲಿ ಎಂದು ಬೇಡುತ್ತಾನೆ. ಈ ಭಾಗವನ್ನು ತರಗತಿಯಲ್ಲಿ ಓದುವಾಗ ಗಲಾಟೆಯ ಹುಡುಗರೂ ಸದ್ದಿಲ್ಲದೆ ಕುಳಿತುದನ್ನು ನಾನು ಹಲವು ಸಲ ಕಂಡಿದ್ದೇನೆ.

ರನ್ನನಿಗೆ ಸಾವಿನ ಮನೆಯ ಪರಿಚಯ ಪುರಾಣದಿಂದ ಮಾತ್ರ ಬಂದುದಲ್ಲ. ಅವನಿಂದ 993ರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದ ಅತ್ತಿಮಬ್ಬೆಯ ಕಥೆಯನ್ನು ಆ ಕಾವ್ಯದಲ್ಲಿಯೇ ಅವನು ಹೇಳಿದ್ದಾನೆ. ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ಅಕ್ಕತಂಗಿಯರು. ಚಾಲುಕ್ಯರ ದಂಡನಾಯಕನಾದ ನಾಗದೇವನ ಹೆಂಡಿರು. ನಾಗದೇವನು ತೀರಿಕೊಂಡಾಗ ಗುಂಡಮಬ್ಬೆ ಅವನೊಡನೆ ಚಿತೆಯನ್ನೇರಿದಳು. ಅತ್ತಿಮಬ್ಬೆ ಮಗನನ್ನು ಸಾಕುವುದಕ್ಕಾಗಿ ಉಳಿದಳು.

ಉಳಿದು ಅವಳು ಮಾಡಿದುದೇನು? ಅವಳ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ತಮ್ಮ ಗುರು ಜಿನಚಂದ್ರದೇವರು ತೀರಿಕೊಂಡಾಗ ಅವರ ನೆನಪಿಗಾಗಿ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದ್ದರು. ಅಚ್ಚುಕೂಟವಿಲ್ಲದ ಆ ಕಾಲದಲ್ಲಿ ಅತ್ತಿಮಬ್ಬೆಯು ಅದೇ ಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದಳು. ಗುರುವಿನ ಸಾವಿನಿಂದ ಹುಟ್ಟಿದ ಒಂದು ಪುಸ್ತಕವು ವಿಧವೆಯ ಕೈಯಿಂದ ಸಾವಿರವಾಯಿತು. ಆಕೆ ಒಂದು ಸಾಲು ಶೋಕಗೀತವನ್ನೂ ಬರೆಯದಿರಬಹುದು. ಆ ಸಾವಿರ ಓಲೆಯ ಕಟ್ಟುಗಳನ್ನು ನಾನು ಬೇರೆ ಯಾವ ಹೆಸರಿನಿಂದ ಕರೆಯಲಿ?

ಇದರ ಪಕ್ಕದಲ್ಲಿ ಇನ್ನೊಂದು ಕಲ್ಲನ್ನು ಇಟ್ಟು ನೋಡಬೇಕು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ 1057ರ ಶಾಸನವು ದೇಕಬ್ಬೆಯ ಸಹಗಮನವನ್ನು ಹೇಳುತ್ತದೆ. ಅವಳ ಗಂಡ ಏಚನು ದಾಯಾದಿಯೊಬ್ಬನನ್ನು ಕೊಂದನೆಂದು ರಾಜಾಜ್ಞೆಯಂತೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಯನ್ನು ಹೊಗಲು ಸಿದ್ಧಳಾದಳು. ತಂದೆತಾಯಿಗಳೂ ನೆಂಟರೂ ಬೇಡವೆಂದು ಅಂಗಲಾಚಿದರು, ಅವಳು ಕೇಳಲಿಲ್ಲ. ಕೊನೆಗೆ ಕಲ್ಲು ನಿಲ್ಲಿಸಿದವನು ಅವಳ ತಂದೆಯೇ.

ಕವಿತೆಯಾಗಿ ಈ ಶಾಸನವು ನಮ್ಮ ಅತ್ಯುತ್ತಮ ಶಾಸನಗಳಲ್ಲೊಂದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಓದುವಾಗಲೆಲ್ಲ ನನ್ನ ಮನಸ್ಸು ಇಬ್ಬಗೆಯಾಗುತ್ತದೆ. ಪದ್ಯಗಳು ಅವಳು ಬೆಂಕಿಯನ್ನು ಹೊಕ್ಕುದನ್ನು ಹೊಗಳುತ್ತವೆ. ಬೇಡವೆಂದು ತಡೆದ ತಂದೆಯ ಮಾತು ಆ ಹೊಗಳಿಕೆಯ ಕೆಳಗೆ ನರಳುತ್ತದೆ. ಹೋದವರ ಋಣವನ್ನು ತೀರಿಸುವ ಭರದಲ್ಲಿ ಶೋಕಗೀತವು ಸಾವನ್ನೇ ಹಾಡತೊಡಗಿದರೆ ಇದ್ದವರ ಋಣ ತಪ್ಪಿತೆಂದೇ ಹೇಳಬೇಕು. ಅಂತಹ ಹೊಗಳಿಕೆಯನ್ನು ಕೇಳಿ ಬೆಳೆದ ಹೆಣ್ಣುಮಕ್ಕಳ ಗತಿಯೇನು? ನಮ್ಮ ದೇಶದ 1987ರ ಕಾನೂನು ಸಹಗಮನವನ್ನು ಮಾತ್ರವಲ್ಲದೆ ಅದರ ವೈಭವೀಕರಣವನ್ನೂ ಅಪರಾಧವೆಂದು ವಿಧಿಸಿತು. ಹೊಗಳಿಕೆಯ ಮಾತಿಗೂ ಕೊಲ್ಲುವ ಶಕ್ತಿಯುಂಟೆಂಬುದನ್ನು ಅದು ಒಪ್ಪಿಕೊಂಡಂತಾಯಿತು. ದೇಕಬ್ಬೆಯ ಕಲ್ಲನ್ನು ನಾವು ಓದಲೇಬೇಕು. ಅತ್ತಿಮಬ್ಬೆಯನ್ನು ನೆನೆದು ಓದಬೇಕು.

ಹೊಸಗನ್ನಡದ ಕವಿಗಳು ಈ ವಿಷಯದಲ್ಲಿ ಅತ್ತಿಮಬ್ಬೆಯ ದಾರಿಯವರೆಂದು ತೋರುತ್ತದೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆ ಮಗುವಿನ ಸಾವಿನ ಹೊತ್ತಿನದು. ಅಲ್ಲಿ ಕವಿಯ ಕಣ್ಣು ಮಗುವಿಗಿಂತ ಹೆಚ್ಚಾಗಿ ಎದುರಿಗೆ ನಿಂತ ತಾಯಿಯ ಮುಖದ ಮೇಲಿದೆ. ಉಳಿದಿರುವವಳನ್ನು ಹೇಗೆ ನೋಡುವುದು, ಹೇಗೆ ಸಂತೈಸುವುದು ಎಂಬುದೇ ಆ ಗಂಡನ ಸಂಕಟ.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಊರಿನ ಕೆರೆಯ ಏರಿಯ ಮೇಲೋ ಹಳೆಯ ಗುಡಿಯ ಹಿಂದೆಯೋ ಒಂದು ಕೆತ್ತಿದ ಕಲ್ಲು ನಿಂತಿರಬಹುದು. ಮಣ್ಣಿನಲ್ಲಿ ಅರ್ಧ ಹೂತಿರಬಹುದು, ಬಟ್ಟೆ ಒಗೆಯುವ ಕಲ್ಲಾಗಿರಲೂಬಹುದು. ಬರಹ ತಿಳಿಯದಿದ್ದರೆ ತಿಳಿದವರನ್ನು ಕರೆತಂದು ಓದಿಸಿರಿ. ಯಾರು ಸತ್ತರು ಎಂಬುದನ್ನು ಓದಿದ ಮೇಲೆ, ಉಳಿದವರಿಗೆ ಏನನ್ನು ವಿಧಿಸಿದ್ದಾರೆಂದು ಕೊನೆಯ ಸಾಲುಗಳಲ್ಲಿ ನೋಡಿರಿ. ಬಿಟ್ಟ ಭೂಮಿ ಇಂದು ಯಾರ ಕೈಯಲ್ಲಿದೆಯೋ, ಪೂಜೆ ಎಂದು ನಿಂತಿತೋ! ಕಲ್ಲನ್ನು ಎತ್ತಿ ನಿಲ್ಲಿಸಿ, ಆ ಹೆಸರನ್ನು ಒಮ್ಮೆ ಬಾಯಿತುಂಬ ಓದುವಷ್ಟಾದರೂ ನಮ್ಮಿಂದ ಆಗಬಹುದು.