ಕರೆದವನ ಸಂಖ್ಯೆಯೂ ಹಳೆಯ ಮೊಡೆಮ್ ಯಂತ್ರವೂ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿಗೆ ಸೇರಿದ ಇಡಗುಂದಿಯು ಸಹ್ಯಾದ್ರಿಯ ಅಡಕೆತೋಟಗಳ ಸೀಮೆಯ ಗ್ರಾಮ. ಈ ಸೀಮೆಯಲ್ಲಿ ಮನೆಗಳು ಒಂದೆಡೆ ಕೂಡಿರದೆ ತೋಟಗಳ ನಡುವೆ ದೂರದೂರವಾಗಿ ಹರಡಿಕೊಂಡಿರುವುವು. ಮನೆಯವರೆಲ್ಲರೂ ತೋಟದಲ್ಲಿರುವಾಗ ದೂರವಾಣಿಯ ಗಂಟೆ ಬಾರಿಸಿ ನಿಂತರೆ, ಕರೆದವರು ಯಾರೆಂದು ತಿಳಿಯುವುದೆಂತು? ಮೂಲೆ ಸೇರಿದ ಹಳೆಯ ಮೊಡೆಮನ್ನು ಗಣಕಯಂತ್ರಕ್ಕೆ ಜೋಡಿಸಿದರೆ ಕರೆದವನ ಸಂಖ್ಯೆ ತಾನಾಗಿ ಬರೆಯಲ್ಪಡುವುದೆಂದು ಕೆಲವರು ಹೇಳುವರು. ಯಾವ ಮೊಡೆಮಾದರೂ ಸಾಕೆಂಬುದು ಇವರ ಪಕ್ಷ. ಈ ಪಕ್ಷವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಮೊದಲು ಹೆಸರನ್ನು ನೋಡಬೇಕು. ‘ಮಾಡ್ಯುಲೇಟರ್’, ‘ಡಿಮಾಡ್ಯುಲೇಟರ್’ ಎಂಬೆರಡು ಪದಗಳ ಆದಿಭಾಗಗಳು ಕೂಡಿ ‘ಮೊಡೆಮ್’ ಎಂದಾಗಿದೆ. ಪಾಣಿನಿಯ ಪ್ರತ್ಯಾಹಾರದಂತೆ ಇಲ್ಲಿಯೂ ಲಾಘವವೇ ಪ್ರಯೋಜನ. ಆದರೆ ಅಲ್ಲಿ ಆದಿವರ್ಣವು ಅಂತ್ಯದ ಇತ್ತಿನೊಡನೆ ಸೇರಿ ನಡುವಣ ವರ್ಣಗಳನ್ನೆಲ್ಲ ಗ್ರಹಿಸುವುದು, ಇಲ್ಲಿ ಪದಗಳು ಮೊಟಕಾಗಿವೆಯಷ್ಟೆ. ಗಣಕದ ಅಂಕಗಳನ್ನು ನಾದವಾಗಿಸಿ ತಂತಿಯಲ್ಲಿ ಕಳುಹುವುದೂ, ಬಂದ ನಾದವನ್ನು ಮತ್ತೆ ಅಂಕವಾಗಿಸುವುದೂ ಇದರ ಕೆಲಸ. 1981ರಲ್ಲಿ ಹೇಯ್ಸ್ ಸಂಸ್ಥೆಯ ಸ್ಮಾರ್ಟ್‌ಮೊಡೆಮ್ ಹೊರಬಂದಿತು. ಅದರ ಆಜ್ಞೆಗಳು ‘ಎಟಿ’ ಎಂಬ ಅಕ್ಷರಗಳಿಂದ ಮೊದಲಾಗುವುವು. ಅವು ‘ಅವಧಾನವಿರಲಿ’ ಎಂಬರ್ಥದ ‘ಅಟೆನ್ಶನ್’ ಶಬ್ದದ ಸಂಕ್ಷೇಪ. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಇಂಟರ್ನೆಟ್ಟನ್ನು ಸಾರ್ವಜನಿಕರಿಗೆ ತೆರೆದ ಬಳಿಕ ಮೊಡೆಮುಗಳು ಮನೆಗಳಿಗೆ ಬಂದುವು. ಬ್ರಾಡ್‌ಬ್ಯಾಂಡ್ ಹಬ್ಬಿದಂತೆ ಅಟ್ಟವನ್ನು ಸೇರಿದುವು.

ಕರೆದವನ ಸಂಖ್ಯೆಯನ್ನು ತೋರಿಸುವ ವಿದ್ಯೆಯ ಚರಿತ್ರೆ ಬೇರೆ. ಥಿಯೊಡೋರ್ ಪರಸ್ಕೆವಾಕೋಸನು 1968ರಲ್ಲಿ ಅಥೆನ್ಸಿನಲ್ಲಿ ಈ ಪ್ರಯತ್ನಕ್ಕೆ ತೊಡಗಿದನು. 1984ರಲ್ಲಿ ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ ಈ ಸೇವೆಯು ಗ್ರಾಹಕರ ನಡುವೆ ಪರೀಕ್ಷಿಸಲ್ಪಟ್ಟಿತು. ಅದೇ ವರ್ಷ ಭಾರತದಲ್ಲಿ ಸಿ-ಡಾಟ್ ಸಂಸ್ಥೆಯು ಸ್ಥಾಪಿತವಾಯಿತು. ಅದರ ಗ್ರಾಮೀಣ ಸ್ವಯಂಚಾಲಿತ ವಿನಿಮಯಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ನೆಲೆಗೊಂಡಿತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಹಳೆಯ ಯಾಂತ್ರಿಕ ಕೇಂದ್ರಗಳು ತಂತಿಗೆ ತಂತಿಯನ್ನು ಕೂಡಿಸುತ್ತಿದ್ದುವಲ್ಲದೆ ಕರೆದವನ ಸಂಖ್ಯೆಯನ್ನು ಕರೆಯಲ್ಪಟ್ಟವನ ಮನೆಗೆ ತಲುಪಿಸುತ್ತಿರಲಿಲ್ಲ. ಇಲೆಕ್ಟ್ರಾನಿಕ್ ಕೇಂದ್ರಗಳು ಹಳ್ಳಿಗಳಿಗೆ ಬಾರದೆ ಅಲ್ಲಿ ಈ ಸೇವೆ ಬರುವಂತಿರಲಿಲ್ಲ.

ಇನ್ನು ಪ್ರಕೃತ ವಿಷಯ. ಸಂಖ್ಯೆಯನ್ನು ಕಳುಹುವ ಪದ್ಧತಿ ಒಂದೇ ಅಲ್ಲ. ಅಮೆರಿಕದಲ್ಲಿ ಮೊದಲನೆಯ ಗಂಟೆಗೂ ಎರಡನೆಯ ಗಂಟೆಗೂ ನಡುವಣ ಮೌನದಲ್ಲಿ, 1200 ಮತ್ತು 2200 ಹರ್ಟ್ಸಿನ ಎರಡು ನಾದಗಳಿಂದ, ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ ಸಂದೇಶ ಹೋಗುವುದು. ಇದು ಮೊಡೆಮಿನ ಸ್ವಭಾಷೆಯೇ ಆದುದರಿಂದ ತಕ್ಕ ಆಜ್ಞೆಯಿತ್ತರೆ ಸಾಕು. ತಿಥಿ, ವೇಳೆ, ಸಂಖ್ಯೆಗಳನ್ನು ಅದು ಬರೆದುಕೊಡುವುದು. ಭಾರತ ಸಂಚಾರ ನಿಗಮದ ಸ್ಥಿರ ದೂರವಾಣಿಗಳಲ್ಲಾದರೋ ಬಹಳ ಕಡೆ ರೂಢಿಗೆ ಬಂದುದು ಡಿಟಿಎಂಎಫ್ ಪದ್ಧತಿ. ಗುಂಡಿ ಒತ್ತಿದಾಗ ಕೇಳುವ ನಾದಗಳೇ ಇವು. ನಾಲ್ಕು ತಗ್ಗು, ನಾಲ್ಕು ಉಚ್ಚ ನಾದಗಳಲ್ಲಿ ಒಂದೊಂದು ಜೊತೆಗೂಡಿ ಹದಿನಾರು ಸಂಕೇತಗಳಾಗುವುವು. ಉದಾಹರಣೆಗೆ 5 ಎಂಬ ಅಂಕಕ್ಕೆ 770 ಮತ್ತು 1336 ಹರ್ಟ್ಸ್. ಇವು ಮೊದಲ ಗಂಟೆಗಿಂತ ಮುಂಚೆಯೇ ಬಂದುಹೋಗುವುವು. ಗಂಟೆಯಾದ ಮೇಲೆ ಕಿವಿದೆರೆವ ಮೊಡೆಮಿಗೆ ಅಲ್ಲಿ ಕೇಳಲು ಏನೂ ಉಳಿದಿರದು. ಆದಕಾರಣ ಯಾವ ಮೊಡೆಮಾದರೂ ಸಾಕೆಂಬ ಪಕ್ಷವು ನಿಲ್ಲದು.

ಹಾಗೆಂದು ಹಳೆಯ ಯಂತ್ರವು ಸರ್ವಥಾ ನಿಷ್ಪ್ರಯೋಜಕವೆಂದೂ ಹೇಳಲಾಗದು. ಕೆಲವು ಮೊಡೆಮುಗಳು ದೇಶಸಂಕೇತವನ್ನು ಬದಲಿಸಿದರೆ ಆಯಾ ದೇಶದ ಪದ್ಧತಿಯನ್ನು ಅನುಸರಿಸುವುವು. ಅದಕ್ಕೂ ಒಗ್ಗದಿದ್ದಲ್ಲಿ, ನಾದವನ್ನು ಗುರುತಿಸುವ ಪ್ರತ್ಯೇಕ ಚಿಪ್ಪಿನಿಂದಾಗಲಿ, ಧ್ವನಿಯನ್ನು ಗಣಕಕ್ಕೆ ತುಂಬಿಸಿ 1958ರ ಗೋರ್ಟ್ಜೆಲನ ಗಣಿತಕ್ರಮದಿಂದಾಗಲಿ ಅಂಕಗಳನ್ನು ಬಿಡಿಸಬಹುದು.

ಶಾಸನಗಳನ್ನು ಓದುವವರು ಇಲ್ಲಿ ಒಂದು ಭೇದವನ್ನು ಲಕ್ಷಿಸಬೇಕು. ಅಮೆರಿಕದ ಸಂದೇಶವು ತಿಥಿಸಹಿತವಾದ ಶಾಸನದಂತಿದೆ. ಕೊನೆಯಲ್ಲಿ ತಪ್ಪನ್ನು ಹಿಡಿಯುವ ಮೊತ್ತವೂ ಇರುವುದು. ಡಿಟಿಎಂಎಫ್ ಸಂದೇಶದಲ್ಲಿ ಆದ್ಯಂತಗಳ ಗುರುತೂ ಸಂಖ್ಯೆಯೂ ಹೊರತು ಸಾಮಾನ್ಯವಾಗಿ ಬೇರೇನೂ ಇಲ್ಲ. ಗಣಕದಲ್ಲಿ ಕಾಣುವ ದಿನ ಮತ್ತು ವೇಳೆ ಗಣಕವೇ ಸೇರಿಸಿದುವು. ಅದರ ಗಡಿಯಾರ ತಪ್ಪಿದರೆ ದಾಖಲೆಯೂ ತಪ್ಪುವುದು. ಮೂಲದಲ್ಲಿದ್ದುದಾವುದು, ಲಿಪಿಕಾರನು ಸೇರಿಸಿದುದಾವುದು ಎಂಬ ವಿವೇಕವು ಇಲ್ಲಿಯೂ ಅವಶ್ಯ.

ಸಂಖ್ಯೆಯಿಂದ ಸಿದ್ಧವಾಗುವುದೇನು ಎಂಬುದು ಕೊನೆಯ ಪ್ರಶ್ನೆ. 08384 ಎಂದು ಮೊದಲಾದರೆ ಶಿರಸಿ, 08389 ಆದರೆ ಸಿದ್ದಾಪುರ, 08419 ಆದರೆ ಯಲ್ಲಾಪುರ. ಹೀಗೆ ಸ್ಥಿರ ದೂರವಾಣಿಯ ಸಂಖ್ಯೆಯಲ್ಲಿ ನಾಡಿನ ನಿರ್ದೇಶವಿದೆ. ಮೊಬೈಲ್ ಸಂಖ್ಯೆಯಲ್ಲಿ ಊರಿನ ಹೆಸರಿಲ್ಲ. ಎರಡರಲ್ಲಿಯೂ ತಿಳಿಯುವುದು ತಂತಿ ಅಥವಾ ಚೀಟಿ ಯಾವುದೆಂಬುದೇ ಹೊರತು ಮಾತನಾಡಬಂದವನು ಯಾರೆಂಬುದಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿ ಹೊತ್ತಿಸಿದವನನ್ನು ಊಹಿಸಲಾಗದು. ಸಂಖ್ಯೆಯು ಕರೆದವನ ಮಾತಲ್ಲ, ವಿನಿಮಯಕೇಂದ್ರದ ಸಾಕ್ಷ್ಯ. ಆ ಕೇಂದ್ರಕ್ಕೆ ಸುಳ್ಳು ಸಂಖ್ಯೆಯನ್ನು ಒಪ್ಪಿಸುವ ವಂಚಕರೂ ಈಗ ಇರುವುದರಿಂದ, ಸಾಕ್ಷಿಯನ್ನು ಪರೀಕ್ಷಿಸದೆ ಒಬ್ಬನ ಮೇಲೆ ದೋಷವನ್ನು ಹೊರಿಸುವುದು ನ್ಯಾಯವಾಗದು.

ತಾಮ್ರದ ತಂತಿಯ ಸ್ಥಾನದಲ್ಲಿ ಗಾಜಿನ ಎಳೆ ಬಂದೆಡೆ, ಈ ನಾದಗಳನ್ನು ದೂರದ ಕೇಂದ್ರವಲ್ಲ, ಮನೆಯೊಳಗಿನ ಪೆಟ್ಟಿಗೆಯೇ ಹುಟ್ಟಿಸುವುದು. ಆಗ ಮೊಡೆಮ್ ಓದುವುದು ಮೂಲವನ್ನಲ್ಲ, ಪ್ರತಿಯನ್ನು. ಹೀಗಿರಲು, ಹಳೆಯ ಮೊಡೆಮುಗಳಿಂದ ಸಂಗ್ರಹಿಸಿದ ಕರೆಗಳ ಪಟ್ಟಿಯನ್ನು ಇಟ್ಟುಕೊಂಡವರು, ಅದು ಯಾವ ತಂತಿಯಿಂದ, ಯಾವ ಪದ್ಧತಿಯಿಂದ ಬಂದುದೆಂಬುದನ್ನೂ ಅದರೊಡನೆ ಬರೆದಿಡುವುದು ಯುಕ್ತ. ಆ ಟಿಪ್ಪಣಿಯಿಲ್ಲದೆ ಮುಂದಿನ ಚರಿತ್ರಕಾರನಿಗೆ ಉಳಿಯುವುದು ಬರಿಯ ಅಂಕಗಳ ಸಾಲು.