ಕುಮ್ಮಟದಲ್ಲಿ ಆಶ್ರಯ ಪಡೆದವನು

1998ರಲ್ಲಿ ತೆರೆಕಂಡ ‘ಕ್ವೆಸ್ಟ್ ಫಾರ್ ಕ್ಯಾಮೆಲಾಟ್’ ಎಂಬ ಹಾಡುಗಳ ಕಾರ್ಟೂನ್ ಚಿತ್ರವನ್ನು ಮಕ್ಕಳೊಂದಿಗೆ ನೋಡಿದವರಿಗೆ ಆರ್ಥರ್ ರಾಜನ ಖಡ್ಗ ನೆನಪಿರಬಹುದು. ಆ ರಾಜ ಬದುಕಿದ್ದನೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ನಮ್ಮಲ್ಲೂ ಅಂಥದೇ ವೀರನ ಕಥೆಯಿದೆ. ಅವನ ಕೋಟೆಯೂ ಉಳಿದಿದೆ. ಇಳಕಲ್ಲಿನಿಂದ ಕುಷ್ಟಗಿ ದಾಟಿ ಗಂಗಾವತಿಯ ಕಡೆ ಹೋದರೆ ಕುಮ್ಮಟದುರ್ಗ. ಅದು ಗಂಡುಗಲಿ ಕುಮಾರರಾಮನದು.

ಮಲತಾಯಿ ರತ್ನಾಜಿಯ ಸುಳ್ಳು ದೂರು ನಂಬಿ ಕಂಪಿಲರಾಯ ಮಗನ ತಲೆ ಕಡಿಯಲು ಹೇಳುತ್ತಾನೆ. ಮಂತ್ರಿ ಅವನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ. ದೆಹಲಿಯ ಸೈನ್ಯ ಬಂದಾಗ, ಸತ್ತನೆಂದು ಎಲ್ಲರೂ ನಂಬಿದ್ದ ರಾಮ ಎದ್ದು ಬರುತ್ತಾನೆ! ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಬರೆದ; ದರೋಜಿ ಈರಮ್ಮ ಬುರ್ರಕಥೆಯಲ್ಲಿ ಹಾಡಿದರು; 2006ರಲ್ಲಿ ಶಿವರಾಜ್‌ಕುಮಾರ್ ನಟಿಸಿದ ಸಿನಿಮಾವೂ ಬಂತು.

ಇದನ್ನು ಬರೀ ಹಿಂದೂ-ಮುಸ್ಲಿಂ ಯುದ್ಧವೆಂದು ಹೇಳುವವರು ಒಂದು ಪ್ರಶ್ನೆ ಕೇಳುವುದಿಲ್ಲ. ಆ ಸೈನ್ಯ ಬಂದದ್ದಾದರೂ ಏಕೆ? ಶಹಾಪುರದ ಬಳಿಯ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾಉದ್ದೀನ್ ಗುರ್ಶಾಸ್ಪ್, ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ. ದಂಗೆಯೆದ್ದು ಸೋತು, 1327ರ ಹೊತ್ತಿಗೆ ಕಂಪಿಲಿಗೆ ಓಡಿಬಂದ. ರಾಯ ಅವನನ್ನು ಒಪ್ಪಿಸಲಿಲ್ಲ. ಕೋಟೆ ಉಳಿಯದೆಂದು ಖಾತ್ರಿಯಾದ ಮೇಲೂ ಅವನನ್ನು ಇನ್ನೊಬ್ಬ ರಾಜನ ಬಳಿಗೆ ಕಳಿಸಿಕೊಟ್ಟು, ತಾನು ಹೋರಾಡಿ ಸತ್ತ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ಇದನ್ನು ಬರೆದವನು ಪ್ರವಾಸಿ ಇಬ್ನ್ ಬತೂತ. ಮುಂದೆ ಮೊರೆಹೊಕ್ಕ ಹೊಯ್ಸಳ ಮೂರನೇ ಬಲ್ಲಾಳ ಆ ನಿರಾಶ್ರಿತನನ್ನು ಹಿಡಿದು ಕೊಟ್ಟ!

ಸೆರೆಸಿಕ್ಕ ರಾಯನ ಮಕ್ಕಳು ದೆಹಲಿಯಲ್ಲಿ ಇಸ್ಲಾಂ ಸ್ವೀಕರಿಸಿದರು. ತಂದೆ ನಡೆದುಕೊಂಡ ರೀತಿಗಾಗಿ ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿ ಗೌರವಿಸಿದನಂತೆ. ಅವರಲ್ಲಿ ಮೂವರನ್ನು ಇಬ್ನ್ ಬತೂತ ತಾನೇ ಕಂಡಿದ್ದ.