ದ್ವೀಪದಲ್ಲಿ ಉಳಿದ ಬೊಂಬೆಗಳು

ಕಳೆದ ಕ್ರಿಸ್ಮಸ್ ಹಬ್ಬಕ್ಕೆ ವಾರವಿರುವಾಗ ಉರ್ವದ ನಮ್ಮ ಮನೆಯಲ್ಲಿ ಕುಸ್ವಾರ್ ತಯಾರಿಯ ಗಡಿಬಿಡಿ. ಹಿರಿಯರೆಲ್ಲ ನೆವ್ರಿಯ ಅಂಚು ಒತ್ತುವುದರಲ್ಲಿ ಮಗ್ನರು. ಬಿಸಿ ಎಣ್ಣೆಯ ಬಾಣಲೆಯಿಂದ ಮಕ್ಕಳನ್ನು ದೂರವಿರಿಸಲು ಬೇರೆ ಉಪಾಯ ಕಾಣದೆ ಟಿ.ವಿ.ಯಲ್ಲಿ ಒಂದು ಹಳೆಯ ಬೊಂಬೆ ಚಿತ್ರವನ್ನು ಹಾಕಿಕೊಟ್ಟೆವು. ಅರ್ಧ ಗಂಟೆಯಾಗಿರಬಹುದು, ಆರು ವರ್ಷದ ಮೊಮ್ಮಗಳು ಅಡುಗೆಮನೆಗೆ ಓಡಿಬಂದು ನನ್ನ ಸೆರಗು ಹಿಡಿದಳು. “ಅಜ್ಜೀ, ಆ ಬೊಂಬೆಗಳನ್ನು ಕರೆದುಕೊಂಡು ಹೋಗಲು ಸಾಂತಾ ಬರ್ತಾನೆ ಅಲ್ವಾ?”

“ಬರ್ತಾನೆ ಮಗಾ, ನೋಡ್ತಾ ಇರು” ಎಂದೆ. ನನ್ನ ಉತ್ತರ ಸುಳ್ಳಾಗಲಿಲ್ಲ. ಆದರೆ ಇದೇ ಪ್ರಶ್ನೆಯನ್ನು 1964ರ ಡಿಸೆಂಬರಿನಲ್ಲಿ ಯಾವುದಾದರೂ ಮಗು ಕೇಳಿ, ಯಾವುದಾದರೂ ಅಜ್ಜಿ ಹೀಗೆಯೇ ಉತ್ತರ ಕೊಟ್ಟಿದ್ದರೆ ಆ ಅಜ್ಜಿ ಸುಳ್ಳುಗಾರ್ತಿಯಾಗುತ್ತಿದ್ದಳು. ಆ ವರ್ಷ ಸಾಂತಾ ಬರಲಿಲ್ಲ. ಮರು ವರ್ಷ ಬಂದ. ಅವನನ್ನು ಬರಮಾಡಿಸಿದವರು ನೋಡುಗರು. ಈ ಸಂಗತಿಯನ್ನು ಓದುಗರೊಡನೆ ಸ್ವಲ್ಪ ವಿವರವಾಗಿ ಹಂಚಿಕೊಳ್ಳಬೇಕೆನಿಸಿದೆ.

ಚಿತ್ರದ ಹೆಸರು ‘ರುಡಾಲ್ಫ್ ದಿ ರೆಡ್-ನೋಸ್ಡ್ ರೇನ್‌ಡಿಯರ್’. ಕೆಂಪು ಮೂಗಿನ ಹಿಮಸಾರಂಗದ ಈ ಕತೆ ಸಿನಿಮಾದಲ್ಲಿ ಹುಟ್ಟಿದ್ದಲ್ಲ, ಒಂದು ಅಂಗಡಿಯ ಜಾಹೀರಾತು ವಿಭಾಗದಲ್ಲಿ ಹುಟ್ಟಿದ್ದು. ಅಮೆರಿಕದ ಷಿಕಾಗೋ ನಗರದ ಮಾಂಟ್ಗೊಮೆರಿ ವಾರ್ಡ್ ಎಂಬ ದೊಡ್ಡ ಮಳಿಗೆಯವರು ಕ್ರಿಸ್ಮಸ್ ಕಾಲದಲ್ಲಿ ಮಕ್ಕಳಿಗೆ ಉಚಿತ ಪುಸ್ತಕ ಹಂಚುವ ಪದ್ಧತಿಯಿಟ್ಟಿದ್ದರು. 1939ರಲ್ಲಿ ಆ ಪುಸ್ತಕವನ್ನು ಸ್ವತಃ ತಾವೇ ಬರೆಸಲು ನಿಶ್ಚಯಿಸಿ, ರಾಬರ್ಟ್ ಮೇ ಎಂಬ ನೌಕರನಿಗೆ ಆ ಕೆಲಸ ಒಪ್ಪಿಸಿದರು. ಮೇ ಬಾಲ್ಯದಲ್ಲಿ ಸಣ್ಣಕಾಯದವನು, ನಾಚಿಕೆಯವನು, ಓರಗೆಯವರ ಆಟದಿಂದ ಹೊರಗುಳಿದವನು. ಮೂಗಿನ ಕಾರಣಕ್ಕೆ ಗೇಲಿಗೊಳಗಾಗುವ ಜಿಂಕೆಯ ಕಲ್ಪನೆ ಅವನಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮೇಲಧಿಕಾರಿಗೆ ಮಾತ್ರ ಅಳುಕು: ಕೆಂಪು ಮೂಗೆಂದರೆ ಜನ ಕುಡುಕನನ್ನು ನೆನೆಯುತ್ತಾರಲ್ಲ! ಮೇ ಒಬ್ಬ ಚಿತ್ರಕಾರ ಗೆಳೆಯನನ್ನು ಮೃಗಾಲಯಕ್ಕೆ ಕರೆದೊಯ್ದು ಜಿಂಕೆಗಳ ಚಿತ್ರ ಬರೆಸಿ ತಂದು ತೋರಿಸಿದ ಬಳಿಕವೇ ಒಪ್ಪಿಗೆ ದೊರೆತದ್ದು.

ಆ ದಿನಗಳಲ್ಲಿ ಮೇಯ ಪತ್ನಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಳು. ಜುಲೈ ತಿಂಗಳಿನಲ್ಲಿ ಆಕೆ ತೀರಿಕೊಂಡಳು. ಕೆಲಸವನ್ನು ಬೇರೆಯವರಿಗೆ ವಹಿಸೋಣವೆಂದು ಮೇಲಧಿಕಾರಿ ಹೇಳಿದರೂ ಮೇ ಒಪ್ಪಲಿಲ್ಲ. ಬರೆದು ಮುಗಿಸಿದ ಕತೆಯನ್ನು ಮೊದಲು ಓದಿ ಕೇಳಿಸಿದ್ದು ತನ್ನ ಪುಟ್ಟ ಮಗಳಿಗೆ ಮತ್ತು ಅತ್ತೆ ಮಾವಂದಿರಿಗೆ. ಆ ವರ್ಷವೊಂದರಲ್ಲೇ 24 ಲಕ್ಷ ಪ್ರತಿಗಳು ಮಕ್ಕಳ ಕೈಸೇರಿದವು. 1947ರಲ್ಲಿ ಕಂಪನಿ ಕತೆಯ ಹಕ್ಕನ್ನು ಮೇಗೇ ಬಿಟ್ಟುಕೊಟ್ಟಿತು. ವ್ಯಾಪಾರದ ಜಗತ್ತಿನಲ್ಲಿ ಇಂಥದ್ದು ಅಪರೂಪ. ಅವನ ಬಂಧುವೇ ಆದ ಜಾನಿ ಮಾರ್ಕ್ಸ್ ಅದನ್ನು ಹಾಡಾಗಿಸಿದನು. 1949ರಲ್ಲಿ ಜೀನ್ ಆಟ್ರಿ ಹಾಡಿದ ಆ ಹಾಡು ಸಮುದ್ರ ದಾಟಿ ನಮ್ಮ ಕ್ಯಾರಲ್ ತಂಡಗಳ ಬಾಯಿಗೂ ಬಂತು.

ಇನ್ನು ಚಿತ್ರಕ್ಕೆ ಬರೋಣ. ಆರ್ಥರ್ ರ‍್ಯಾಂಕಿನ್ ಮತ್ತು ಜೂಲ್ಸ್ ಬಾಸ್ ಎಂಬಿಬ್ಬರು ಅಮೆರಿಕದ ನಿರ್ಮಾಪಕರು. ಕತೆ ಬರೆದವನು ರೋಮಿಯೋ ಮುಲ್ಲರ್. ಹೆಚ್ಚಿನ ಧ್ವನಿಗಳನ್ನು ಮುದ್ರಿಸಿದ್ದು ಕೆನಡಾದಲ್ಲಿ. ಬೊಂಬೆಗಳಿಗೆ ಜೀವ ಬಂದದ್ದು ಜಪಾನಿನಲ್ಲಿ, ತದಾಹಿತೊ ಮೊಚಿನಾಗ ಎಂಬ ಕಲಾವಿದನ ಕೈಯಲ್ಲಿ. ಮರ, ಬಟ್ಟೆ, ಚರ್ಮಗಳಿಂದ ಮಾಡಿದ ರುಡಾಲ್ಫ್ ಗೇಣುದ್ದವೂ ಇರಲಿಲ್ಲ, ಬರಿಯ 6 ಅಂಗುಲ. ಸಾಂತಾ 11 ಅಂಗುಲ, ಅವನ ಗಡ್ಡ ಯಾಕ್ ಮೃಗದ ಕೂದಲು. ಬೊಂಬೆಯನ್ನು ತುಸುವೇ ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ತುಸು ಸರಿಸುವುದು. ಪರದೆಯ ಮೇಲೆ ಒಂದು ಸೆಕೆಂಡು ಓಡಲು ಇಂಥ 24 ಚೌಕಟ್ಟುಗಳು ಬೇಕು. ಗೋದಲಿ ಕಟ್ಟುವಾಗ ಒಂದು ಕುರಿಯನ್ನು ನಿಲ್ಲಿಸಲು ಕಾಲು ಗಂಟೆ ಹೆಣಗುವ ನಮಗೆ ಆ ತಾಳ್ಮೆಯ ಅಂದಾಜು ಸಿಕ್ಕೀತು. ಇಷ್ಟೆಲ್ಲ ಎಚ್ಚರ ವಹಿಸಿದವರು ಶೀರ್ಷಿಕೆಯಲ್ಲಿ ವರ್ಷವನ್ನು ರೋಮನ್ ಅಂಕಿಗಳಲ್ಲಿ ಬರೆಯುವಾಗ ಒಂದಕ್ಷರ ಬಿಟ್ಟು, 1964ನ್ನು 1164 ಮಾಡಿದರು! ಆ ತಪ್ಪು ಹಾಗೆಯೇ ಉಳಿದಿದೆ.

ಕತೆಯ ನಡುವೆ ರುಡಾಲ್ಫ್ ಒಂದು ದ್ವೀಪ ತಲುಪುತ್ತಾನೆ. ಅಲ್ಲಿರುವುದು ಯಾವ ಮಗುವಿಗೂ ಬೇಡವಾದ ಆಟಿಕೆಗಳು. ಚುಕ್ಕೆಗಳಿರುವ ಆನೆ, ಚೌಕ ಚಕ್ರದ ಬೋಗಿಯುಳ್ಳ ರೈಲು, ಕುದುರೆಯ ಬದಲು ಉಷ್ಟ್ರಪಕ್ಷಿಯೇರಿದ ಸವಾರ, ಹಾರದೆ ಈಜುವ ಹಕ್ಕಿ, ನೀರಿನ ಬದಲು ಜೆಲ್ಲಿ ಚಿಮ್ಮಿಸುವ ಪಿಸ್ತೂಲು. ಒಂದು ಗೊಂಬೆಯಂತೂ ನೋಡಲು ಚೆನ್ನಾಗಿಯೇ ಇದೆ. ಅದರ ಕೊರತೆ ಏನೆಂದು ಚಿತ್ರ ಹೇಳುವುದೇ ಇಲ್ಲ. ನಿಮ್ಮ ವಿಷಯ ಸಾಂತಾನಿಗೆ ತಿಳಿಸುತ್ತೇನೆಂದು ರುಡಾಲ್ಫ್ ಮಾತು ಕೊಡುತ್ತಾನೆ.

1964ರ ಡಿಸೆಂಬರ್ 6ರಂದು ಎನ್‌ಬಿಸಿ ವಾಹಿನಿ ಚಿತ್ರವನ್ನು ಪ್ರಸಾರ ಮಾಡಿತು. ಮಂಜಿನ ರಾತ್ರಿಯಲ್ಲಿ ರುಡಾಲ್ಫನ ಮೂಗು ದೀಪವಾಯಿತು, ಗಾಡಿ ಹೊರಟಿತು, ಕತೆ ಮುಗಿಯಿತು. ದ್ವೀಪದ ಬೊಂಬೆಗಳು ಏನಾದವು? ಕತೆಗಾರನಿಗೆ ಅವು ದಾರಿಯಲ್ಲಿ ಸಿಕ್ಕ ಉಪಪಾತ್ರಗಳಷ್ಟೇ ಆಗಿದ್ದಿರಬೇಕು. ನೋಡುಗರು ಹಾಗೆ ತಿಳಿಯಲಿಲ್ಲ. ಕೊಟ್ಟ ಮಾತು ಎಲ್ಲಿ ಹೋಯಿತೆಂದು ದೂರಿನ ಪತ್ರಗಳು ಬಂದವು. ನಿರ್ಮಾಪಕರು ಅದನ್ನು ಉಪೇಕ್ಷಿಸಬಹುದಿತ್ತು. ಹಾಗೆ ಮಾಡದೆ, ಮುಂದಿನ ವರ್ಷದ ಪ್ರಸಾರಕ್ಕಾಗಿ ಹೊಸ ದೃಶ್ಯವೊಂದನ್ನು ಚಿತ್ರಿಸಿ ಸೇರಿಸಿದರು. ಈ ವರ್ಷವೂ ಯಾರೂ ಬರಲಾರರೆಂದು ಬೊಂಬೆಗಳು ಕಣ್ಣೀರಿಡುತ್ತಿರುವಾಗ ಗೆಜ್ಜೆಯ ಸದ್ದು ಕೇಳುತ್ತದೆ, ಸಾಂತಾನ ಗಾಡಿ ಇಳಿಯುತ್ತದೆ. ಇಂದು ಇಡೀ ಚಿತ್ರದಲ್ಲಿ ಜನ ನೆನಪಿಡುವುದು ಆ ದೃಶ್ಯವನ್ನೇ.

ಅದೇ 1965ರ ಡಿಸೆಂಬರ್ 9ರಂದು ಸಿಬಿಎಸ್ ವಾಹಿನಿಯಲ್ಲಿ ‘ಎ ಚಾರ್ಲಿ ಬ್ರೌನ್ ಕ್ರಿಸ್ಮಸ್’ ಎಂಬ ಮತ್ತೊಂದು ಚಿತ್ರ ಬಂತು. ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಝನ ಪಾತ್ರಗಳು. ಅದನ್ನು ಮುಂಚಿತವಾಗಿ ನೋಡಿದ ವಾಹಿನಿಯ ಅಧಿಕಾರಿಗಳ ಮುಖ ಬಾಡಿತು. ನಡೆ ನಿಧಾನ, ನಗೆಯ ಧ್ವನಿಮುದ್ರಿಕೆಯಿಲ್ಲ, ಮಕ್ಕಳ ಪಾತ್ರಗಳಿಗೆ ಮಕ್ಕಳದೇ ತೊದಲು ದನಿ. ಸಾಲದ್ದಕ್ಕೆ, ಲೈನಸ್ ಎಂಬ ಹುಡುಗ ವೇದಿಕೆಯ ನಡುವೆ ನಿಂತು ಸಂತ ಲೂಕನ ಶುಭಸಂದೇಶದಿಂದ ಕುರುಬರ ಭಾಗವನ್ನು ಬಾಯಿಪಾಠ ಒಪ್ಪಿಸುತ್ತಾನೆ. ಟಿ.ವಿ.ಯಲ್ಲಿ ಬೈಬಲ್ ಓದಿದರೆ ಯಾರು ಕೇಳುತ್ತಾರೆ ಎಂಬ ಚಿಂತೆ ಅವರದು. ಶುಲ್ಝ್ ಮಣಿಯಲಿಲ್ಲ. ಆ ರಾತ್ರಿ ನಡೆಯುತ್ತಿದ್ದ ಟಿ.ವಿ.ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಸುಮಾರು 1.5 ಕೋಟಿ ಮನೆಗಳು, ಇದನ್ನೇ ನೋಡಿದವು. ಸದಾ ಕೈಯಲ್ಲಿರುವ ತನ್ನ ಹೊದಿಕೆಯನ್ನು ಲೈನಸ್ ಬಿಟ್ಟುಬಿಡುವುದು ಆ ಪಾಠ ಹೇಳುವಾಗ, ದೂತನು ಹೆದರಬೇಡಿರಿ ಎನ್ನುವಲ್ಲಿ. ಇದನ್ನು ಮೊದಲು ಕಂಡು ಒಬ್ಬರಿಗೊಬ್ಬರು ತೋರಿಸಿಕೊಟ್ಟವರೂ ನೋಡುಗರೇ. ಚಾರ್ಲಿ ಬ್ರೌನ್ ಆರಿಸಿ ತರುವ ಬಡಕಲು ಮರವೂ ಎಲ್ಲರ ಪ್ರೀತಿಗೆ ಪಾತ್ರವಾಯಿತು. ಆ ಕಾಲದಲ್ಲಿ ಥಳಥಳಿಸುವ ಅಲ್ಯುಮಿನಿಯಂ ಮರಗಳೇ ಅಮೆರಿಕದಲ್ಲಿ ಫ್ಯಾಷನ್. ಮುಂದಿನ ಕೆಲವೇ ವರ್ಷಗಳಲ್ಲಿ ಅವು ಮೂಲೆ ಸೇರಿದವು, ಅದಕ್ಕೆ ಈ ಚಿತ್ರವೂ ಕಾರಣವೆನ್ನುವವರಿದ್ದಾರೆ.

ಇದನ್ನೆಲ್ಲ ಆಗ ಉರ್ವದಲ್ಲಿ ಯಾರೂ ನೋಡಿರಲಿಲ್ಲ. ನಮ್ಮ ಮನೆಗಳಿಗೆ ದೂರದರ್ಶನ ಬಂದದ್ದೇ 1980ರ ದಶಕದಲ್ಲಿ. ರುಡಾಲ್ಫ್ ನಮ್ಮಲ್ಲಿಗೆ ಬಂದದ್ದು ಗಲ್ಫಿನಿಂದ ರಜೆಗೆ ಬಂದ ಬಂಧುವೊಬ್ಬರ ಪೆಟ್ಟಿಗೆಯಲ್ಲಿ, ವಿಡಿಯೋ ಕ್ಯಾಸೆಟ್ಟಾಗಿ. ಆದರೆ ಪಾತ್ರಕ್ಕಾಗಿ ಮರುಗುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ. ಗದ್ದೆಯ ಕೊಯ್ಲು ಮುಗಿದು ಮೇಳಗಳ ತಿರುಗಾಟ ತೊಡಗಿತೆಂದರೆ ಅಪ್ಪ ನಮ್ಮನ್ನೂ ಬಯಲಾಟಕ್ಕೆ ಕರೆದೊಯ್ಯುತ್ತಿದ್ದರು. ಚಾಪೆಯ ಮೇಲೆ ತೂಕಡಿಸುತ್ತಿದ್ದವರು ಕರ್ಣನ ವೇಷ ಬಂದಾಗ ಎದ್ದು ಕೂರುತ್ತಿದ್ದರು. ಕರ್ಣ ಸಾಯಲೇಬೇಕು, ಪ್ರಸಂಗವನ್ನು ತಿದ್ದುವಂತಿಲ್ಲ. ಆದರೆ ಯಕ್ಷಗಾನದ ಅರ್ಥಗಾರಿಕೆ ಬರೆದಿಟ್ಟ ಮಾತಲ್ಲ, ರಂಗದಲ್ಲೇ ಹುಟ್ಟುವುದು. ಎದುರಿನ ಮುಖಗಳಲ್ಲಿ ಕಣ್ಣೀರು ಕಂಡ ಕಲಾವಿದ ಕರ್ಣನಿಗೆ ಇನ್ನೂ ನಾಲ್ಕು ಮಾತು ಕೊಡುತ್ತಾನೆ, ಸಾವನ್ನು ಇನ್ನೊಂದು ಗಳಿಗೆ ಮುಂದಕ್ಕೆ ಹಾಕುತ್ತಾನೆ. ಅಮೆರಿಕದ ನೋಡುಗರಿಗೆ ಆ ಸೌಕರ್ಯವಿರಲಿಲ್ಲ. ಡಬ್ಬಿಯಲ್ಲಿ ಮುಗಿದುಹೋದ ಚಿತ್ರದೊಡನೆ ಮಾತಾಡಬೇಕಾದರೆ ಅಂಚೆಯೇ ಗತಿ.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಮೊಮ್ಮಗಳೊಡನೆ ಅಂದು ಚಿತ್ರ ನೋಡುತ್ತಿದ್ದ ಇನ್ನೊಬ್ಬರು ನನ್ನ ತಮ್ಮ. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಅವನ ಬಲಗಾಲು ಸೋತಿತು. 1970ರ ದಶಕದ ಆರಂಭದಲ್ಲಿ ನಾವು ಮಕ್ಕಳೆಲ್ಲ ಪ್ರತಿ ಡಿಸೆಂಬರಿನಲ್ಲಿ ಕ್ರಿಸ್ತಜಯಂತಿಯ ನಾಟಕವಾಡುತ್ತಿದ್ದೆವು. ಎಲ್ಲಿ, ಯಾರ ಉಸ್ತುವಾರಿಯಲ್ಲಿ ಎಂಬುದು ಈಗ ಬೇಡ. ಅವನಿಗೆ ಕುರುಬನಾಗುವ ಆಸೆ. ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಕುರುಬನು ಬೆತ್ಲೆಹೇಮಿಗೆ ಹೇಗೆ ನಡೆದಾನು ಎಂದು ಯಾರೋ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ. ಪರದೆಯ ಹಿಂದೆ ಸ್ಟೂಲಿನ ಮೇಲೆ ಕುಳಿತು ನಕ್ಷತ್ರದ ಹಗ್ಗ ಎಳೆಯುವ ಕೆಲಸ ಅವನಿಗೆ ಸಿಕ್ಕಿತು. ಒಂದು ವರ್ಷವಲ್ಲ, ನಾಲ್ಕು ವರ್ಷ. ನಕ್ಷತ್ರ ಜಾರುತ್ತ ಬಂದು ಗೋದಲಿಯ ಮೇಲೆ ನಿಂತಾಗ ಸಭೆ ಚಪ್ಪಾಳೆ ತಟ್ಟುತ್ತಿತ್ತು. ನಾನು ದೇವದೂತಳ ರೆಕ್ಕೆ ಕಟ್ಟಿಕೊಂಡು ವೇದಿಕೆಯ ಮೇಲಿದ್ದೆ. ಹಗ್ಗ ಎಳೆಯುವ ಹುಡುಗನನ್ನು ಒಮ್ಮೆ ಹೊರಗೆ ಕರೆಯಿರಿ ಎಂದು ಸಭೆಯಲ್ಲಿ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಬಯಲಾಟದಲ್ಲಿ ಕರ್ಣನಿಗಾಗಿ ಅಳುತ್ತಿದ್ದವರಲ್ಲಿ ನಾನೂ ಒಬ್ಬಳು.

ನೋಡುಗರ ಕರುಣೆಯೂ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲವೆನ್ನಲು ರುಡಾಲ್ಫನ ಚಿತ್ರವೇ ಸಾಕ್ಷಿ. ಆರಂಭದ ವರ್ಷಗಳಲ್ಲಿ ಬೊಂಬೆಗಳಿಗಾಗಿ ದೂರಿದವರು ಸಾಂತಾನ ಸಿಡುಕನ್ನು ಪ್ರಶ್ನಿಸಿದಂತೆ ಕಾಣುವುದಿಲ್ಲ. ಈಚಿನ ತಲೆಮಾರಿನವರು ಅದನ್ನೇ ಎತ್ತಿ ಹೇಳುತ್ತಾರೆ: ಮರಿಯ ಮೂಗು ಕಂಡು ನಾಚುವ ತಂದೆ, ಅವನನ್ನು ಆಟಕ್ಕೆ ಸೇರಿಸದಿರುವ ಗುರು, ಮಂಜು ಕವಿದ ಮೇಲಷ್ಟೇ ಮೂಗಿನ ಉಪಯೋಗ ಕಂಡುಕೊಳ್ಳುವ ಸಾಂತಾ. ಮಂಜೇ ಬೀಳದಿದ್ದರೆ ರುಡಾಲ್ಫನ ಗತಿ ಏನು? ಈ ಆಕ್ಷೇಪವನ್ನು ತಳ್ಳಿಹಾಕಲು ನನ್ನಿಂದಾಗದು. ಕೊರತೆಯೇ ಕಾಣದ ಆ ಗೊಂಬೆಯ ಬಗೆಗಿನ ಪ್ರಶ್ನೆಯೂ ದಶಕಗಳ ಕಾಲ ಬೆನ್ನು ಬಿಡಲಿಲ್ಲ. ಅವಳ ದುಃಖ ಮೈಯದಲ್ಲ, ಮನಸ್ಸಿನದು, ತನ್ನನ್ನು ಕೈಬಿಟ್ಟರೆಂಬ ಕೊರಗು ಎಂದು ಬಹಳ ವರ್ಷಗಳ ಮೇಲೆ ನಿರ್ಮಾಪಕರ ಕಡೆಯಿಂದ ವಿವರಣೆ ಬಂತು.

ಚಿತ್ರೀಕರಣಕ್ಕೆ ಬಳಸಿದ ಬೊಂಬೆಗಳ ಕತೆಯೂ ಸ್ವಾರಸ್ಯದ್ದು. ಉಳಿದುಬಂದ ರುಡಾಲ್ಫ್ ಮತ್ತು ಸಾಂತಾರನ್ನು ಆ ಸಂಸ್ಥೆಯ ನೌಕರಳೊಬ್ಬಳು ಮನೆಗೊಯ್ದು ವರ್ಷವರ್ಷವೂ ಕ್ರಿಸ್ಮಸ್ ಮರದಡಿ ಇಡುತ್ತಿದ್ದಳು. ಮಕ್ಕಳ ಕೈಗೆ ಸಿಕ್ಕಿ ಸಾಂತಾನ ಅರ್ಧ ಮೀಸೆ ಹೋಯಿತು, ರುಡಾಲ್ಫನ ಮೂಗೇ ಉದುರಿತು. ಮೂಗಿಲ್ಲದ ರುಡಾಲ್ಫ್! ಆಮೇಲೆ ದುರಸ್ತಿಗೊಂಡ ಈ ಜೋಡಿ 2020ರ ನವೆಂಬರಿನಲ್ಲಿ 3,68,000 ಡಾಲರಿಗೆ ಹರಾಜಾಗಿ, ಈಗ ಅಟ್ಲಾಂಟಾ ನಗರದ ಬೊಂಬೆಯಾಟ ಸಂಗ್ರಹಾಲಯದಲ್ಲಿದೆ.

ಆ ದಿನ ನಮ್ಮ ಮನೆಯಲ್ಲಿ ಚಿತ್ರ ಮುಗಿಯುತ್ತಿತ್ತು. ಗಾಡಿಯಿಂದ ಒಂದೊಂದೇ ಆಟಿಕೆಗೆ ಕೊಡೆ ಕೊಟ್ಟು ಕೆಳಗಿಳಿಸುವ ದೃಶ್ಯ. ಹಕ್ಕಿಯ ಸರದಿ ಬಂದಾಗ ಅದನ್ನು ಕೊಡೆಯಿಲ್ಲದೆಯೇ ಬಿಟ್ಟುಬಿಡುತ್ತಾರೆ. “ಅದು ಹಾರಲಾರದ ಹಕ್ಕಿ ಅಲ್ಲವಾ?” ಎಂದ ತಮ್ಮ. ಮೊಮ್ಮಗಳು ಹೌಹಾರಿದಳು. ದೃಶ್ಯವನ್ನು ಹಿಂದಕ್ಕೆ ಓಡಿಸಿ ಮೂರು ಸಲ ನೋಡಿದೆವು. ಕೊಡೆ ಇಲ್ಲವೇ ಇಲ್ಲ.

“ಸಣ್ಣಜ್ಜಾ, ಅವರಿಗೆ ಕಾಗದ ಬರೆಯುವಾ” ಎಂದಳು.

ರ‍್ಯಾಂಕಿನ್ 2014ರಲ್ಲಿ ತೀರಿಕೊಂಡರು, ಬಾಸ್ 2022ರಲ್ಲಿ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ತಮ್ಮ ಮಾತ್ರ ಪೆನ್ಸಿಲ್ ತರಿಸಿ ಅವಳು ಹೇಳಿದಂತೆಯೇ ಬರೆದುಕೊಟ್ಟ.

ಸಂಜೆ ಗೋದಲಿಯ ನಕ್ಷತ್ರಕ್ಕೆ ದಾರ ಕಟ್ಟುವಾಗ, ಐವತ್ತು ವರ್ಷಗಳಲ್ಲಿ ಮೊದಲ ಸಲ, ಆ ನಾಟಕದ ವಿಷಯ ತೆಗೆದೆ. ಆಗ ನಾನೊಂದು ಮಾತು ಹೇಳಬೇಕಿತ್ತು ಎಂದೆ. ಅವನು ಗಂಟು ಬಿಗಿಯುತ್ತಲೇ ಇದ್ದ.

“ನಾಲ್ಕು ವರ್ಷದಲ್ಲಿ ಒಮ್ಮೆಯೂ ಹಗ್ಗ ಸಿಕ್ಕಿಕೊಳ್ಳಲಿಲ್ಲ ಅಕ್ಕಾ,” ಎಂದ. “ಅದನ್ನಾದರೂ ಯಾರಾದರೂ ನೋಡಿದ್ದರಾ?”